ತವುಡಿನೊಡನೆ ಹೋದುದು: ಪಾಲಿಷ್ ಮಾಡದ ಅಕ್ಕಿಯ ಚರಿತ್ರೆ ಮತ್ತು ಪಾಕ

ನಮ್ಮ ನಾಡಿನ ಶಾಸನಗಳಲ್ಲಿ ಭತ್ತದ ಮಾತು ಹೇರಳವಾಗಿದೆ. ಗದ್ದೆಗಳ ಎಲ್ಲೆ, ಕೆರೆಯ ನೀರಿನ ಪಾಲು, ದೇವರ ನೈವೇದ್ಯಕ್ಕೆ ಸಲ್ಲಬೇಕಾದ ಅಕ್ಕಿಯ ಅಳತೆ ಇವೆಲ್ಲವೂ ಅಲ್ಲಿ ದೊರೆಯುತ್ತವೆ. ಆದರೆ ಆ ಅಕ್ಕಿಯನ್ನು ಎಷ್ಟು ಕುಟ್ಟುತ್ತಿದ್ದರು, ತವುಡನ್ನು ಎಷ್ಟರಮಟ್ಟಿಗೆ ತೆಗೆಯುತ್ತಿದ್ದರು, ಹೇಗೆ ಬೇಯಿಸುತ್ತಿದ್ದರು ಎಂಬ ಪ್ರಶ್ನೆಗಳನ್ನು ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಕೇಳುವುದು ಅಪರೂಪ. ಅಡಿಗೆಮನೆಯ ಇಂತಹ ವಿವರಗಳು ಕ್ಷುಲ್ಲಕವೆಂದು ತೋರಬಹುದು. ಆದರೂ ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳಲ್ಲಿ ಏಷ್ಯಾದ ಅಸಂಖ್ಯಾತ ಜನರ ಪ್ರಾಣವು ಈ ವಿವರಗಳನ್ನೇ ಅವಲಂಬಿಸಿದ್ದಿತು ಎಂಬುದನ್ನು ಮುಂದೆ ತೋರಿಸಲು ಯತ್ನಿಸುತ್ತೇವೆ.

ಈ ಲೇಖನಕ್ಕೆ ಪ್ರೇರಣೆಯಾದುದು ಒಂದು ಸಣ್ಣ ಸಂಗತಿ. ಕೆಲವು ವರ್ಷಗಳ ಹಿಂದೆ ನಮಗೆ ಪರಿಚಯವಿದ್ದ ಒಂದು ವಿದ್ಯಾರ್ಥಿನಿಲಯದಲ್ಲಿ, ವೈದ್ಯರೊಬ್ಬರ ಉಪನ್ಯಾಸದಿಂದ ಉತ್ಸಾಹಗೊಂಡು, ಬಿಳಿಯ ಅಕ್ಕಿಯನ್ನು ಬಿಟ್ಟು ಪಾಲಿಷ್ ಮಾಡದ ಅಕ್ಕಿಯನ್ನು ತರಿಸಿದರು. ಮೂರು ವಾರಗಳಲ್ಲಿ ಆ ಪ್ರಯೋಗವು ಮುಗಿದುಹೋಯಿತು. ಅನ್ನವು ಹೊರಗೆ ಮೆತ್ತಗೂ ಒಳಗೆ ಗಟ್ಟಿಯಾಗಿಯೂ ಇದ್ದಿತು. ಹುಡುಗರಲ್ಲಿ ಅನೇಕರು ಹೊಟ್ಟೆನೋವೆಂದರು. ತಟ್ಟೆಗಳಲ್ಲಿ ಉಳಿದ ಅನ್ನವು ದನಗಳ ಪಾಲಾಯಿತು. ಉಳಿದ ಮೂಟೆಗಳನ್ನು ಮಾರಿ ಮತ್ತೆ ಬಿಳಿಯ ಅಕ್ಕಿಯನ್ನೇ ತಂದರು. ಒಳ್ಳೆಯ ಪದಾರ್ಥವೊಂದು ಹೀಗೇಕೆ ಸೋತಿತು ಎಂದು ವಿಚಾರಿಸುತ್ತ ಹೋದಂತೆ, ಪ್ರಶ್ನೆಯು ಒಂದು ವಿದ್ಯಾರ್ಥಿನಿಲಯದ್ದಲ್ಲ, ಇಡೀ ಏಷ್ಯಾ ಖಂಡದ್ದೆಂಬುದು ನಮಗೆ ತಿಳಿದುಬಂದಿತು.

1. ಕಾಳಿನ ರಚನೆ

ಮೊದಲು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ಭತ್ತದ ಕಾಳಿನ ಹೊರಗಡೆ ಇರುವುದು ಉಮಿ. ಇದು ಮನುಷ್ಯನ ಆಹಾರವಲ್ಲ. ಉಮಿಯನ್ನು ಮಾತ್ರ ತೆಗೆದಾಗ ದೊರೆಯುವ, ಕಂದು ಬಣ್ಣದ ತೆಳುವಾದ ಪದರಗಳಿಂದ ಕೂಡಿದ ಕಾಳನ್ನೇ ಇಂದು ಪಾಲಿಷ್ ಮಾಡದ ಅಕ್ಕಿ, ಕಂದು ಅಕ್ಕಿ ಎಂದು ಕರೆಯುತ್ತಾರೆ. ಈ ಪದರಗಳೂ ಕಾಳಿನ ತುದಿಯಲ್ಲಿರುವ ಮೊಳಕೆಯ ಭಾಗವೂ ಉದುರಿದಾಗ ಬರುವ ಪುಡಿಯೇ ತವುಡು. ತವುಡನ್ನು ಪೂರ್ತಿಯಾಗಿ ಉಜ್ಜಿ ತೆಗೆದ ಮೇಲೆ ಉಳಿಯುವುದು ಬಿಳಿಯ ಅಕ್ಕಿ. ಅದು ಬಹುತೇಕ ಪಿಷ್ಟ. ನೂರು ಸೇರು ಭತ್ತದಲ್ಲಿ ತೂಕದ ಲೆಕ್ಕದಿಂದ ಸುಮಾರು 20 ಸೇರು ಉಮಿಯೂ 8ರಿಂದ 10 ಸೇರು ತವುಡೂ ಹೋಗಿ, ಸುಮಾರು 70 ಸೇರು ಬಿಳಿಯ ಅಕ್ಕಿಯು ಉಳಿಯುತ್ತದೆ.

ಕೆಂಪಕ್ಕಿ ಎಂಬುದು ಬೇರೆ. ಕರಾವಳಿಯ ಕಜೆ, ಹಳೆಯ ಮೈಸೂರು ಸೀಮೆಯ ರಾಜಮುಡಿ ಮೊದಲಾದ ತಳಿಗಳಲ್ಲಿ ಹೊರಪದರಕ್ಕೆ ಸಹಜವಾಗಿಯೇ ಕೆಂಪು ಬಣ್ಣವಿರುತ್ತದೆ. ಕೆಂಪಕ್ಕಿಯನ್ನೂ ಪೂರ್ತಿಯಾಗಿ ಉಜ್ಜಿದರೆ ಅದು ಬಿಳಿಯ ಅಕ್ಕಿಯೇ ಆಗುತ್ತದೆ. ಕುಚ್ಚಲಕ್ಕಿ ಎಂಬುದು ಮತ್ತೂ ಬೇರೆ. ಅದು ತಳಿಯ ಹೆಸರಲ್ಲ, ಸಂಸ್ಕಾರದ ಹೆಸರು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅನಂತರ ಉಮಿಯನ್ನು ತೆಗೆದು ಮಾಡಿದ ಅಕ್ಕಿ ಅದು. ಹೀಗೆ ಬೇಯಿಸದೆ ಮಾಡಿದುದನ್ನು ಕರಾವಳಿಯಲ್ಲಿ ಬೆಳ್ತಿಗೆ ಅಕ್ಕಿಯೆನ್ನುವರು. ಈ ಭೇದಗಳನ್ನು ಮರೆತು ಎಲ್ಲವನ್ನೂ ಒಂದೇ ಎಂದು ಭಾವಿಸುವುದರಿಂದಲೇ ಈ ವಿಷಯದಲ್ಲಿ ಅನೇಕ ತಪ್ಪು ಮಾತುಗಳು ಹುಟ್ಟಿವೆ.

2. ಒನಕೆಯಿಂದ ಗಿರಣಿಗೆ

ಒರಳು ಒನಕೆಗಳಿಂದ ಕೊಟ್ಟಣ ಮಾಡಿದ ಅಕ್ಕಿಯಲ್ಲಿ ತವುಡು ಸ್ವಲ್ಪ ಹೋಗಿ ಸ್ವಲ್ಪ ಉಳಿಯುತ್ತಿದ್ದಿತು. ಕಾಳಿನಿಂದ ಕಾಳಿಗೆ ವ್ಯತ್ಯಾಸವಿರುತ್ತಿದ್ದಿತು. ಮನೆಗೆ ಬೇಕಾದಷ್ಟನ್ನು ಕೆಲವು ದಿನಗಳಿಗೊಮ್ಮೆ ಕುಟ್ಟಿಕೊಳ್ಳುವುದು ರೂಢಿಯಾದುದರಿಂದ ಅಕ್ಕಿಯು ಕೆಡುವುದಕ್ಕೆ ಅವಕಾಶವಿರಲಿಲ್ಲ. ಈ ಕೊನೆಯ ಅಂಶವು ಮುಖ್ಯವಾದುದು. ತವುಡಿನಲ್ಲಿ ಎಣ್ಣೆಯಿದೆ. ಉಮಿಯನ್ನು ತೆಗೆದ ಕೂಡಲೆ ತವುಡಿನಲ್ಲಿಯೇ ಇರುವ ಒಂದು ಕಿಣ್ವವು ಆ ಎಣ್ಣೆಯನ್ನು ಒಡೆಯಲು ತೊಡಗುತ್ತದೆ. ಕೆಲವು ತಿಂಗಳುಗಳಲ್ಲಿ ಅಕ್ಕಿಗೆ ಕಮಟು ವಾಸನೆ ಬರುತ್ತದೆ. ಬಿಳಿಯ ಅಕ್ಕಿಗಾದರೋ ಈ ಭಯವಿಲ್ಲ. ಅದನ್ನು ವರ್ಷಗಟ್ಟಲೆ ಉಗ್ರಾಣದಲ್ಲಿಡಬಹುದು. ಹಡಗಿನಲ್ಲಿ ಸಮುದ್ರವನ್ನು ದಾಟಿಸಬಹುದು.

ಇಷ್ಟಲ್ಲದೆ ಬಿಳುಪಿಗೆ ಗೌರವವೂ ಇದ್ದಿತು. ಯಂತ್ರಗಳಿಲ್ಲದ ಕಾಲದಲ್ಲಿ ಅಕ್ಕಿಯನ್ನು ಬೆಳ್ಳಗೆ ಮಾಡಬೇಕಾದರೆ ಮತ್ತೆ ಮತ್ತೆ ಕುಟ್ಟಿಸಬೇಕು. ಅದಕ್ಕೆ ಆಳುಗಳು ಬೇಕು. ಆದುದರಿಂದ ಬೆಳ್ಳನೆಯ ಅನ್ನವು ಸಿರಿವಂತರ ಮನೆಯ ಗುರುತಾಗಿದ್ದಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉಗಿಯಿಂದ ನಡೆಯುವ ಗಿರಣಿಗಳು ಬರ್ಮಾ, ಸಯಾಮ್, ಕೊಚಿನ್‌ಚೀನಾ ಮೊದಲಾದ ದೇಶಗಳ ಬಂದರುಗಳಲ್ಲಿ ನೆಲೆಗೊಂಡವು. 1880ರ ದಶಕದಲ್ಲಿ ಬ್ರೆಜಿಲ್ ದೇಶದಲ್ಲಿ ರೂಪಗೊಂಡ ಎಂಗೆಲ್‌ಬರ್ಗ್ ಎಂಬ ಸಣ್ಣ ಹಲ್ಲರ್ ಯಂತ್ರವು ಅನಂತರ ಭಾರತದ ಹಳ್ಳಿಗಳವರೆಗೂ ಹಬ್ಬಿತು. ಅಲ್ಲಿಯವರೆಗೆ ಕೆಲವರ ಸೊತ್ತಾಗಿದ್ದ ಬಿಳುಪು ಎಲ್ಲರಿಗೂ ಅಗ್ಗವಾಗಿ ದೊರೆಯಿತು.

ಇದನ್ನು ಕೇವಲ ಅವನತಿಯ ಕಥೆಯೆಂದು ಬರೆಯುವುದು ನ್ಯಾಯವಲ್ಲ. ಒನಕೆಯನ್ನು ಎತ್ತಿದವರು ಹೆಂಗಸರು. ಬೆಳಗಿನ ಜಾವಕ್ಕೆ ಎದ್ದು, ಮಗುವಿಗೆ ಹಾಲೂಡಿಸಿದ ಮೈಯಲ್ಲಿಯೇ ಭತ್ತವನ್ನು ಕುಟ್ಟಬೇಕಾಗಿದ್ದ ತಾಯಂದಿರ ತೋಳುಗಳಿಗೆ ಗಿರಣಿಯು ತಂದ ಬಿಡುಗಡೆಯನ್ನು ಮರೆತು ಕೊಟ್ಟಣದ ಅಕ್ಕಿಯನ್ನು ಹೊಗಳುವುದು ಸುಲಭ. ಆದರೆ ಗಿರಣಿಯು ಶ್ರಮದೊಡನೆ ಮತ್ತೊಂದನ್ನೂ ತೆಗೆದುಕೊಂಡು ಹೋಯಿತು. ಅದೇನೆಂಬುದನ್ನು ತಿಳಿಯಲು ವೈದ್ಯಶಾಸ್ತ್ರಕ್ಕೆ ಅರ್ಧ ಶತಮಾನವೇ ಹಿಡಿಯಿತು.

3. ಬೆರಿಬೆರಿಯ ಪಾಠ

ಕಾಲುಗಳು ಜೋಮು ಹಿಡಿದು, ಸೋತು, ಕೆಲವರಲ್ಲಿ ಮೈಯೆಲ್ಲ ಬಾತು, ಕೊನೆಗೆ ಹೃದಯವೇ ನಿಂತುಹೋಗುವ ರೋಗ ಬೆರಿಬೆರಿ. ಮದರಾಸು ಆಧಿಪತ್ಯದಲ್ಲಿ ಇದು ಹಳೆಯದಾಗಿಯೇ ಪರಿಚಿತವಾಗಿದ್ದಿತು. ಜಾನ್ ಗ್ರಾಂಟ್ ಮಾಲ್ಕಮ್‌ಸನ್ ಎಂಬ ವೈದ್ಯನು ಈ ರೋಗವನ್ನು ಕುರಿತು ಬರೆದ ಗ್ರಂಥವು 1835ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಜಪಾನಿನ ಎಡೊ ನಗರದಲ್ಲಿ ಇದನ್ನು ‘ಎಡೊ ನಗರದ ಬೇನೆ’ ಎಂದೇ ಕರೆಯುತ್ತಿದ್ದರು. ಹಳ್ಳಿಯಿಂದ ನಗರಕ್ಕೆ ಬಂದು ಬಿಳಿಯ ಅಕ್ಕಿಯನ್ನು ಉಂಡವರು ಕಾಯಿಲೆ ಬೀಳುತ್ತಿದ್ದರು. ಊರಿಗೆ ಹಿಂದಿರುಗಿದರೆ ಚೇತರಿಸಿಕೊಳ್ಳುತ್ತಿದ್ದರು.

ಜಪಾನಿನ ನೌಕಾದಳದ ವೈದ್ಯನಾದ ತಕಾಕಿ ಕನೆಹಿರೊ ಈ ರೋಗಕ್ಕೂ ಆಹಾರಕ್ಕೂ ಸಂಬಂಧವಿದೆಯೆಂದು ತರ್ಕಿಸಿದನು. 1882-83ರಲ್ಲಿ ‘ರ್ಯೂಜೊ’ ಎಂಬ ಹಡಗು ದೀರ್ಘಯಾತ್ರೆಗೆ ಹೋದಾಗ ಅದರಲ್ಲಿದ್ದ 376 ಜನರ ಪೈಕಿ 169 ಜನರಿಗೆ ಬೆರಿಬೆರಿ ತಗುಲಿ 25 ಜನರು ಸತ್ತರು. 1884ರಲ್ಲಿ ‘ತ್ಸುಕುಬ’ ಎಂಬ ಹಡಗನ್ನು ಅದೇ ಮಾರ್ಗದಲ್ಲಿ, ಮಾಂಸ, ಹಾಲು, ಇತರ ಧಾನ್ಯಗಳನ್ನು ಸೇರಿಸಿದ ಆಹಾರದೊಡನೆ ಕಳುಹಿಸಲಾಯಿತು. ಈ ಬಾರಿ ರೋಗದಿಂದ ಯಾರೂ ಸಾಯಲಿಲ್ಲ. ಆಹಾರದಲ್ಲಿ ಸಾರಜನಕವು ಕಡಮೆಯಾದುದೇ ರೋಗಕ್ಕೆ ಕಾರಣವೆಂದು ತಕಾಕಿ ಭಾವಿಸಿದನು. ಅವನ ಕಾರಣವು ತಪ್ಪಾಗಿದ್ದಿತು, ಉಪಾಯವು ಸರಿಯಾಗಿದ್ದಿತು. ನೌಕಾದಳವು ಅವನ ಮಾತನ್ನು ಕೇಳಿತು. ಭೂಸೇನೆಯ ವೈದ್ಯರು ಮಾತ್ರ ಇದು ಸೋಂಕಿನ ರೋಗವೆಂದು ಹಟ ಹಿಡಿದರು. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ಭೂಸೇನೆಯ 20 ಸಾವಿರಕ್ಕಿಂತ ಹೆಚ್ಚು ಸೈನಿಕರು ಬೆರಿಬೆರಿಯಿಂದ ಮಡಿದರು.

ಇದೇ ಕಾಲದಲ್ಲಿ ಡಚ್ಚರ ಅಧೀನದಲ್ಲಿದ್ದ ಜಾವಾ ದ್ವೀಪದಲ್ಲಿಯೂ ಶೋಧನೆ ನಡೆಯುತ್ತಿದ್ದಿತು. ಬಟೇವಿಯದ ಸೈನಿಕ ಆಸ್ಪತ್ರೆಯಲ್ಲಿ ಕ್ರಿಶ್ಚಿಯಾನ್ ಐಕ್‌ಮನ್ ಎಂಬ ವೈದ್ಯನು ಬೆರಿಬೆರಿಯ ರೋಗಾಣುವನ್ನು ಹುಡುಕುತ್ತಿದ್ದನು. ಅವನು ಸಾಕಿದ ಕೋಳಿಗಳು ಒಮ್ಮೆ ಕಾಲು ಸೋತು ಬಿದ್ದವು. ಕೆಲವು ತಿಂಗಳುಗಳ ಅನಂತರ ತಾವಾಗಿಯೇ ಗುಣಹೊಂದಿದವು. ವಿಚಾರಿಸಲಾಗಿ, ಆ ಅವಧಿಯಲ್ಲಿ ಕೋಳಿಗಳಿಗೆ ಆಸ್ಪತ್ರೆಯ ಅಡಿಗೆಮನೆಯಿಂದ ಬಂದ ಬಿಳಿಯ ಅನ್ನವನ್ನು ಹಾಕುತ್ತಿದ್ದರೆಂದೂ, ಹೊಸದಾಗಿ ಬಂದ ಅಡಿಗೆಯವನು ಸೈನ್ಯದ ಅಕ್ಕಿಯನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲೊಪ್ಪದೆ ಹೋದುದರಿಂದ ಅವಕ್ಕೆ ಮತ್ತೆ ತವುಡಿರುವ ಅಕ್ಕಿ ದೊರೆಯಿತೆಂದೂ ತಿಳಿಯಿತು. ಪ್ರಯೋಗಶಾಲೆಯು ಕಾಣದುದನ್ನು ಅಡಿಗೆಯವನೊಬ್ಬನ ಕಟ್ಟುನಿಟ್ಟು ತೋರಿಸಿಕೊಟ್ಟಿತು.

ಕೋಳಿಗಳಿಗೆ ಸತ್ಯವಾದುದು ಮನುಷ್ಯರಿಗೂ ಸತ್ಯವೇ ಎಂಬುದನ್ನು ಪರೀಕ್ಷಿಸಲು ಅಡಾಲ್ಫ್ ವೋರ್ಡರ್‌ಮನ್ ಎಂಬ ಅಧಿಕಾರಿಯು ಜಾವಾ ಮತ್ತು ಮದುರಾ ದ್ವೀಪಗಳ 101 ಸೆರೆಮನೆಗಳನ್ನು ಸಮೀಕ್ಷಿಸಿ 1897ರಲ್ಲಿ ವರದಿ ಮಾಡಿದನು. ತವುಡಿರುವ ಅಕ್ಕಿಯನ್ನು ಕೊಡುತ್ತಿದ್ದ 37 ಸೆರೆಮನೆಗಳ ಪೈಕಿ ಒಂದರಲ್ಲಿ ಮಾತ್ರ ಬೆರಿಬೆರಿ ಕಂಡಿತು. ಮಿಶ್ರವಾದ ಅಕ್ಕಿಯಿದ್ದ 13ರ ಪೈಕಿ 6ರಲ್ಲಿಯೂ, ಬಿಳಿಯ ಅಕ್ಕಿಯಿದ್ದ 51ರ ಪೈಕಿ 36ರಲ್ಲಿಯೂ ಕಂಡಿತು. ಅಂಕಿಗಳು ಇದಕ್ಕಿಂತ ಸ್ಪಷ್ಟವಾಗಿ ಮಾತನಾಡುವುದು ವಿರಳ.

ಆದರೂ ಪಿಷ್ಟದಲ್ಲಿ ವಿಷವಿದೆ, ತವುಡಿನಲ್ಲಿ ಪ್ರತಿವಿಷವಿದೆ ಎಂದು ಐಕ್‌ಮನ್ ಮೊದಲು ತಿಳಿದಿದ್ದನು. ವಿಷವೇನೂ ಇಲ್ಲ, ಬದುಕಿಗೆ ಅಗತ್ಯವಾದುದೊಂದು ತವುಡಿನೊಡನೆ ಹೋಗಿಬಿಟ್ಟಿದೆ ಎಂದು 1901ರಲ್ಲಿ ಹೇಳಿದವನು ಅವನ ಉತ್ತರಾಧಿಕಾರಿಯಾದ ಗೆರಿಟ್ ಗ್ರೈನ್ಸ್. 1912ರಲ್ಲಿ ಕ್ಯಾಸಿಮಿರ್ ಫುಂಕನು ಇಂತಹ ಪದಾರ್ಥಗಳಿಗೆ ‘ವಿಟಮಿನ್’ ಎಂಬ ಹೆಸರಿಟ್ಟನು. ನಾವು ಅದನ್ನು ಜೀವಸತ್ವವೆಂದು ಕರೆಯುತ್ತೇವೆ. 1926ರಲ್ಲಿ ಯಾನ್ಸನ್ ಮತ್ತು ಡೊನಾತ್ ಎಂಬುವರು ಬಟೇವಿಯದಲ್ಲಿಯೇ ಅಕ್ಕಿಯ ತವುಡಿನಿಂದ ಆ ಪದಾರ್ಥದ ಹರಳುಗಳನ್ನು ಬೇರ್ಪಡಿಸಿದರು. ಐಕ್‌ಮನ್‌ನಿಗೆ 1929ರಲ್ಲಿ ನೊಬೆಲ್ ಪಾರಿತೋಷಕದ ಒಂದು ಪಾಲು ಸಂದಿತು. ಥಯಾಮಿನ್ ಎಂಬ ಈ ಜೀವಸತ್ವವನ್ನು 1936ರಲ್ಲಿ ಕೃತಕವಾಗಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞನು ಹುಟ್ಟಿದುದು ನಮ್ಮ ನೆರೆಯ ಆಂಧ್ರದ ನೆಲ್ಲೂರಿನಲ್ಲಿ ಎಂಬುದು ಸ್ಮರಣೀಯ.

4. ಕುಚ್ಚಲಕ್ಕಿಯ ಸಾಕ್ಷ್ಯ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಕ್ಕಿಯೇ ಮುಖ್ಯ ಆಹಾರವಾಗಿರುವ ದಕ್ಷಿಣ ಭಾರತದಲ್ಲಿ ಬೆರಿಬೆರಿಯು ಆಂಧ್ರದ ಉತ್ತರ ಕರಾವಳಿಯ ಜಿಲ್ಲೆಗಳಲ್ಲಿ ಮಾತ್ರ ಬೇರೂರಿ, ಬೇರೆ ಕಡೆಗಳಲ್ಲಿ ಅಷ್ಟಾಗಿ ಹಬ್ಬಲಿಲ್ಲವೇಕೆ?

ಇದಕ್ಕೆ ಉತ್ತರವು ಮೊದಲು ಮಲಯದಲ್ಲಿ ದೊರೆಯಿತು. ಅಲ್ಲಿನ ತವರದ ಗಣಿಗಳಲ್ಲಿ ದುಡಿಯುತ್ತಿದ್ದ ಚೀನೀ ಕೂಲಿಗಳು ಸಯಾಮಿನ ಬಿಳಿಯ ಅಕ್ಕಿಯನ್ನು ಉಣ್ಣುತ್ತಿದ್ದರು. ಅವರಲ್ಲಿ ಬೆರಿಬೆರಿಯು ಭೀಕರವಾಗಿದ್ದಿತು. ತೋಟಗಳಲ್ಲಿ ದುಡಿಯುತ್ತಿದ್ದ ತಮಿಳರು ತಮ್ಮ ನಾಡಿನ ರೂಢಿಯಂತೆ ಕುಚ್ಚಲಕ್ಕಿಯನ್ನು ಉಣ್ಣುತ್ತಿದ್ದರು. ಅವರಿಗೆ ರೋಗವು ಬರುತ್ತಿರಲಿಲ್ಲ. ಬ್ರ್ಯಾಡನ್ ಎಂಬ ವೈದ್ಯನು ಇದನ್ನು ಗಮನಿಸಿ ಬರೆದನು. ವಿಲಿಯಂ ಫ್ಲೆಚರ್ ಎಂಬ ವೈದ್ಯನು 1905-06ರಲ್ಲಿ ಕ್ವಾಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಬಿಳಿಯ ಅಕ್ಕಿಯನ್ನೂ ಇನ್ನೊಂದಕ್ಕೆ ಕುಚ್ಚಲಕ್ಕಿಯನ್ನೂ ಕೊಡಿಸಿದನು. ಬಿಳಿಯ ಅಕ್ಕಿಯನ್ನು ಉಂಡವರಲ್ಲಿ ರೋಗವು ಹಬ್ಬಿ ಸಾವುಗಳು ಸಂಭವಿಸಿದವು. ಕುಚ್ಚಲಕ್ಕಿಯವರಲ್ಲಿ ಬೆರಿಬೆರಿಯಿಂದ ಯಾರೂ ಸಾಯಲಿಲ್ಲ. ಬಾಯಿಬಿಟ್ಟು ಒಪ್ಪಿಗೆಯನ್ನು ಹೇಳಲಾರದ ರೋಗಿಗಳ ಮೇಲೆ ಈ ಪ್ರಯೋಗವು ನಡೆಯಿತೆಂಬುದನ್ನು ಚರಿತ್ರಕಾರನು ಬರೆದಿಡಬೇಕಾದುದು ಧರ್ಮ. ಈ ಜ್ಞಾನಕ್ಕೆ ಬೆಲೆ ತೆತ್ತವರು ಅವರು.

ಕುಚ್ಚಲಕ್ಕಿಯ ರಹಸ್ಯವು ಇಷ್ಟೆ. ಭತ್ತವನ್ನು ನೆನೆಸಿದಾಗ ಹೊರಪದರದಲ್ಲಿರುವ, ನೀರಿನಲ್ಲಿ ಕರಗುವ ಜೀವಸತ್ವಗಳು ಕಾಳಿನ ಒಳಕ್ಕೆ ಇಳಿಯುತ್ತವೆ. ಹಬೆಯಲ್ಲಿ ಬೆಂದಾಗ ಪಿಷ್ಟವು ಅಂಟಾಗಿ, ಅವುಗಳನ್ನು ಒಳಗೇ ಹಿಡಿದುಕೊಳ್ಳುತ್ತದೆ. ಅನಂತರ ಗಿರಣಿಯು ತವುಡನ್ನು ತೆಗೆದರೂ ಒಳಗಿಳಿದುದು ಹೋಗುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರಕೋಷ್ಟಕದಂತೆ 100 ಗ್ರಾಂ ಕಂದು ಅಕ್ಕಿಯಲ್ಲಿ ಥಯಾಮಿನ್ ಸುಮಾರು 0.27 ಮಿಲಿಗ್ರಾಂ, ಪಾಲಿಷ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಸುಮಾರು 0.05, ಪಾಲಿಷ್ ಮಾಡಿದ ಕುಚ್ಚಲಕ್ಕಿಯಲ್ಲಿ ಸುಮಾರು 0.17. ಆಂಧ್ರದ ಆ ಜಿಲ್ಲೆಗಳ ಜನರು ಉಣ್ಣುತ್ತಿದ್ದುದು ಬೇಯಿಸದ ಭತ್ತದ ಗಿರಣಿ ಅಕ್ಕಿ ಎಂಬುದು ಇಲ್ಲಿ ಅರ್ಥಪೂರ್ಣವಾಗುತ್ತದೆ.

ಹೀಗೆಂದ ಮಾತ್ರಕ್ಕೆ ನಮ್ಮ ಪೂರ್ವಿಕರು ಜೀವಸತ್ವಗಳನ್ನು ಅರಿತಿದ್ದರೆಂದು ಹೇಳುವುದು ಸಲ್ಲದು. ಬೇಯಿಸಿದ ಭತ್ತವನ್ನು ಕುಟ್ಟಿದರೆ ನುಚ್ಚು ಕಡಮೆಯಾಗುತ್ತದೆ. ಅಕ್ಕಿಗೆ ಹುಳು ಬೇಗ ಹಿಡಿಯುವುದಿಲ್ಲ. ಮಳೆಗಾಲದುದ್ದಕ್ಕೂ ಮುಡಿ ಕಟ್ಟಿ ಇಡಬಹುದು. ಇವೇ ಅವರಿಗೆ ಕಂಡ ಪ್ರಯೋಜನಗಳಾಗಿರಬೇಕು. ರೂಢಿಯು ಒಂದು ಕಾರಣಕ್ಕಾಗಿ ಹುಟ್ಟಿ, ಯಾರೂ ಎಣಿಸದ ಇನ್ನೊಂದು ಉಪಕಾರವನ್ನು ಮಾಡುತ್ತಿದ್ದಿತು. ಎಣಿಸದೆ ಬಂದ ಉಪಕಾರಕ್ಕೆ ಕಾವಲುಗಾರರಿರುವುದಿಲ್ಲ. ಯಂತ್ರವು ರೂಢಿಯನ್ನು ಬದಲಾಯಿಸಿದಾಗ ಅದು ಸದ್ದಿಲ್ಲದೆ ಹೋಗಿಬಿಡುತ್ತದೆ. ನಮ್ಮ ದೃಷ್ಟಿಯಲ್ಲಿ ಅಕ್ಕಿಯ ಚರಿತ್ರೆಯು ಕಲಿಸುವ ಮುಖ್ಯ ಪಾಠವಿದು.

ಈ ಪಾಠವನ್ನು ಭಾರತದಲ್ಲಿ ಕ್ರಮಬದ್ಧವಾಗಿ ಅಭ್ಯಸಿಸಿದವರು ನೀಲಗಿರಿಯ ಕೂನೂರಿನ ಪ್ರಯೋಗಶಾಲೆಯವರು. ರಾಬರ್ಟ್ ಮೆಕ್ಯಾರಿಸನ್‌ನ ಅನಂತರ 1935ರಲ್ಲಿ ನಿರ್ದೇಶಕನಾದ ಏಕ್‌ರಾಯ್ಡ್ ಮತ್ತು ಅವನ ಸಂಗಡಿಗರು ಭಾರತದ ಅಕ್ಕಿಯ ಸಮಸ್ಯೆಯನ್ನು ಕುರಿತ ಪ್ರೌಢಗ್ರಂಥವನ್ನು 1940ರಲ್ಲಿ ಹೊರತಂದರು. ಅಕ್ಕಿಯನ್ನು ತೊಳೆಯುವಾಗಲೂ ಬೇಯಿಸುವಾಗಲೂ ಏನೇನು ನಷ್ಟವಾಗುತ್ತದೆಂಬುದು ಅಲ್ಲಿ ವಿವೇಚಿತವಾಗಿದೆ. ಗಾಂಧೀಜಿಯವರು 1934ರಲ್ಲಿ ಸ್ಥಾಪಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಕೊಟ್ಟಣದ ಅಕ್ಕಿಯನ್ನು ತನ್ನ ಕಾರ್ಯಕ್ರಮದ ಒಂದು ಅಂಗವನ್ನಾಗಿ ಮಾಡಿಕೊಂಡಿತು. 1958ರಲ್ಲಿ ಅಕ್ಕಿ ಗಿರಣಿಗಳ ನಿಯಂತ್ರಣಕ್ಕಾಗಿ ಕೇಂದ್ರ ಶಾಸನವೊಂದು ಬಂದಿತು. 1997ರಲ್ಲಿ ಅದು ರದ್ದಾಯಿತು. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಭತ್ತವನ್ನು ತಣ್ಣೀರಿನಲ್ಲಿ ದಿನಗಟ್ಟಲೆ ನೆನೆಸುವ ಬದಲು ಬಿಸಿನೀರಿನಲ್ಲಿ ಕೆಲವೇ ಗಂಟೆಗಳ ಕಾಲ ನೆನೆಸಿ ಹಬೆಗಿಡುವ ವಿಧಾನವನ್ನು ರೂಪಿಸಿ, ಕುಚ್ಚಲಕ್ಕಿಯ ದುರ್ವಾಸನೆಯನ್ನು ನಿವಾರಿಸಿತು.

5. ಇಂದಿನ ಪ್ರಶ್ನೆ

ಆಹಾರದಲ್ಲಿ ಬೇಳೆ, ಕಾಯಿಪಲ್ಯ, ಹಾಲುಗಳು ಸೇರಿರುವ ಮನೆಗಳಲ್ಲಿ ಇಂದು ಬೆರಿಬೆರಿಯ ಭಯವು ಹೆಚ್ಚಾಗಿಲ್ಲ. ಇಂದಿನ ಭಯವು ಮಧುಮೇಹ. ತವುಡಿನ ಪದರದಲ್ಲಿರುವ ನಾರು ಪಿಷ್ಟದ ಜೀರ್ಣವನ್ನು ನಿಧಾನಗೊಳಿಸುವುದರಿಂದ, ಉಂಡ ಮೇಲೆ ರಕ್ತದಲ್ಲಿ ಸಕ್ಕರೆಯು ಏರುವ ವೇಗವು ತಗ್ಗುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ದಿನಕ್ಕೆ 50 ಗ್ರಾಂ ಬಿಳಿಯ ಅಕ್ಕಿಗೆ ಬದಲಾಗಿ ಅಷ್ಟೇ ಕಂದು ಅಕ್ಕಿಯನ್ನು ಉಂಡರೆ ಮಧುಮೇಹದ ಸಂಭವವು ಸುಮಾರು ಶೇಕಡ 16ರಷ್ಟು ಕಡಮೆಯಾಗಬಹುದೆಂದು ಅಂದಾಜಾಯಿತು. ಚೆನ್ನೈಯಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ, ಕಂದು ಅಕ್ಕಿಯನ್ನು ಉಂಡ ದಿನಗಳಲ್ಲಿ ರಕ್ತದ ಸಕ್ಕರೆಯ ಏರಿಕೆಯು ಬಿಳಿಯ ಅಕ್ಕಿಯನ್ನು ಉಂಡ ದಿನಗಳಿಗಿಂತ ಸುಮಾರು ಶೇಕಡ 20ರಷ್ಟು ಕಡಮೆಯಾಗಿದ್ದಿತು.

ಆದರೆ ಅಲ್ಲಿಯೇ ಮೂರು ತಿಂಗಳ ಕಾಲ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಒಟ್ಟು ಜನರನ್ನು ನೋಡಿದಾಗ ಗಮನಾರ್ಹವಾದ ವ್ಯತ್ಯಾಸವು ಕಾಣಲಿಲ್ಲ. ಬೊಜ್ಜು, ರಕ್ತದೊತ್ತಡ ಮೊದಲಾದ ದೋಷಗಳು ಕೂಡಿಕೊಂಡಿದ್ದವರಲ್ಲಿ ಮಾತ್ರ ಸುಧಾರಣೆ ಕಂಡುಬಂದಿತು. ಆದುದರಿಂದ ಕಂದು ಅಕ್ಕಿಯನ್ನು ಮಧುಮೇಹದ ಔಷಧವೆಂದು ಸಾರುವುದು ಅತಿಶಯೋಕ್ತಿ. ಕಂದು ಅಕ್ಕಿಯೂ ಅಕ್ಕಿಯೇ. ಅದು ಕೊಡುವ ಶಕ್ತಿಯು ಬಿಳಿಯ ಅಕ್ಕಿಯಷ್ಟೇ ಇದೆ. ಒಳ್ಳೆಯದೆಂದು ಎರಡು ಪಟ್ಟು ಉಂಡವನಿಗೆ ಅದರಿಂದ ಲಾಭವಿಲ್ಲ.

ಬೇರೆ ಮಿತಿಗಳೂ ಇವೆ. ತವುಡಿನಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣ, ಸತುಗಳನ್ನು ಹಿಡಿದಿಟ್ಟುಕೊಂಡು ಅವು ದೇಹಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಆದುದರಿಂದ ಕೋಷ್ಟಕದಲ್ಲಿ ಕಾಣುವ ಖನಿಜವೆಲ್ಲವೂ ದೇಹಕ್ಕೆ ದೊರೆಯುವುದೆಂದು ತಿಳಿಯಬಾರದು. ಮಣ್ಣು ನೀರುಗಳಲ್ಲಿ ಆರ್ಸೆನಿಕ್ ಇರುವ ಪ್ರದೇಶಗಳಲ್ಲಿ ಅದು ಹೊರಪದರದಲ್ಲಿಯೇ ಹೆಚ್ಚಾಗಿ ಶೇಖರವಾಗುತ್ತದೆ. ಅಂತರರಾಷ್ಟ್ರೀಯ ಆಹಾರಸಂಹಿತೆಯು ಇದರ ಮಿತಿಯನ್ನು ಕಿಲೋಗ್ರಾಂ ಒಂದಕ್ಕೆ ಬಿಳಿಯ ಅಕ್ಕಿಗೆ 0.2 ಮಿಲಿಗ್ರಾಂ ಎಂದೂ ಕಂದು ಅಕ್ಕಿಗೆ 0.35 ಮಿಲಿಗ್ರಾಂ ಎಂದೂ ಬೇರೆ ಬೇರೆಯಾಗಿ ನಿಗದಿಮಾಡಿರುವುದು ಈ ಕಾರಣದಿಂದಲೇ. ಮೂತ್ರಪಿಂಡದ ರೋಗವಿರುವವರು ವೈದ್ಯರ ಸಲಹೆಯಿಲ್ಲದೆ ಆಹಾರವನ್ನು ಬದಲಾಯಿಸಬಾರದು. ಈ ಮಿತಿಗಳೊಳಗೆ ನಿಂತು ನೋಡಿದರೂ, ನಾರು, ಮೆಗ್ನೀಸಿಯಂ, ಬಿ ಗುಂಪಿನ ಜೀವಸತ್ವಗಳ ದೃಷ್ಟಿಯಿಂದ ದಿನನಿತ್ಯದ ಅನ್ನದಲ್ಲಿ ಒಂದು ಪಾಲಾದರೂ ತವುಡಿರುವ ಅಕ್ಕಿಯಾಗಿರುವುದು ಹಿತವೆಂದೇ ನಮ್ಮ ನಿರ್ಣಯ.

6. ಪಾಕವಿಧಾನ

ಈಗ ವಿದ್ಯಾರ್ಥಿನಿಲಯದ ಸಂಗತಿಗೆ ಹಿಂದಿರುಗೋಣ. ಅಲ್ಲಿ ಪಾತ್ರೆ ತೊಳೆಯುವ ಕೆಲಸದಲ್ಲಿದ್ದ, ದಕ್ಷಿಣ ಕನ್ನಡ ಜಿಲ್ಲೆಯಿಂದ ಬಂದಿದ್ದ ವಯಸ್ಸಾದ ಹೆಂಗಸೊಬ್ಬರನ್ನು ನಾವು ಮಾತನಾಡಿಸಿದೆವು. ಅವರು ನಕ್ಕು, “ಇದು ಬೆಳ್ತಿಗೆ ಅಕ್ಕಿಯ ಹಾಗಲ್ಲ ಮಾಷ್ಟ್ರೇ, ಅವಸರದಲ್ಲಿ ಬೇಯುವುದಿಲ್ಲ. ನೆನೆಲಿಕ್ಕೆ ಬಿಡ್ಬೇಕು, ಆಮೇಲೆ ನಿಧಾನಕ್ಕೆ ಬೇಯಿಸ್ಬೇಕು. ನಮ್ಮನ್ನು ಯಾರು ಕೇಳಿದ್ದಾರೆ?” ಎಂದರು. ಅಡಿಗೆಯವರು ಬಿಳಿಯ ಅಕ್ಕಿಗೆ ಹಾಕುವಷ್ಟೇ ನೀರನ್ನು ಹಾಕಿ, ಅಷ್ಟೇ ಹೊತ್ತು ಬೇಯಿಸಿದ್ದರು. ತಪ್ಪು ಅವರದಲ್ಲ. ಹೊಸ ಅಕ್ಕಿಯನ್ನು ತರಿಸಿದವರು ಅದನ್ನು ಬೇಯಿಸುವ ಕ್ರಮವನ್ನು ಅವರಿಗೆ ತಿಳಿಸಿರಲಿಲ್ಲ; ತಿಳಿದಿದ್ದವರನ್ನು ಕೇಳಿಯೂ ಇರಲಿಲ್ಲ.

ಕಂದು ಅಕ್ಕಿಯ ಹೊರಪದರವು ನಾರಿನಿಂದಲೂ ಎಣ್ಣೆಯ ಅಂಶದಿಂದಲೂ ಕೂಡಿದ್ದು, ನೀರನ್ನು ಬೇಗನೆ ಒಳಕ್ಕೆ ಬಿಡುವುದಿಲ್ಲ. ಹೊರಗಿನ ಕಾವು ಹೆಚ್ಚಾದರೆ ಮೇಲ್ಭಾಗವು ಬಿರಿದು, ನಡುವಿನ ಪಿಷ್ಟವು ಹಸಿಯಾಗಿಯೇ ಉಳಿಯುತ್ತದೆ. ಇದಕ್ಕೆ ಪರಿಹಾರವು ನೆನೆಸುವುದು. ಅಕ್ಕಿಯಲ್ಲಿ ಕಲ್ಲು ಕಸವನ್ನು ಆರಿಸಿ, ಒಂದೆರಡು ಬಾರಿ ಮಾತ್ರ ಹಗುರವಾಗಿ ತೊಳೆದು, ಕಡಮೆಯೆಂದರೆ ಎರಡು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ನೆನೆಸಬೇಕು. ಸೆಕೆಯ ಕಾಲದಲ್ಲಿ ರಾತ್ರಿಯಿಡೀ ನೆನೆಸಿದ ನೀರು ಹುಳಿವಾಸನೆ ಬರಬಹುದು. ಆಗ ಅದನ್ನು ಚೆಲ್ಲಿ ಹೊಸ ನೀರನ್ನು ಹಾಕುವುದು ಒಳಿತು.

ತೆರೆದ ಪಾತ್ರೆಯಲ್ಲಾದರೆ ನೆನೆದ ಅಕ್ಕಿ ಒಂದು ಅಳತೆಗೆ ಎರಡರಿಂದ ಎರಡೂವರೆ ಅಳತೆ ನೀರು ಬೇಕು. ಕುದಿ ಬಂದ ಕೂಡಲೆ ಉರಿಯನ್ನು ತಗ್ಗಿಸಿ, ಮುಚ್ಚಳವನ್ನು ಮುಚ್ಚಿ, 30ರಿಂದ 40 ನಿಮಿಷ ಬೇಯಿಸಬೇಕು. ನೆನೆಸದ ಅಕ್ಕಿಗೆ ಇನ್ನೂ ಹತ್ತು ಹದಿನೈದು ನಿಮಿಷ ಹೆಚ್ಚು ಹಿಡಿಯುತ್ತದೆ. ಪ್ರೆಷರ್ ಕುಕ್ಕರಿನಲ್ಲಾದರೆ ಒಂದಕ್ಕೆ ಎರಡು ಅಳತೆ ನೀರು ಸಾಕು. ಮೊದಲ ಸೀಟಿಯ ಅನಂತರ ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಇಟ್ಟು, ಉರಿಯನ್ನು ಆರಿಸಿ, ಒತ್ತಡವು ತಾನಾಗಿ ಇಳಿಯುವವರೆಗೆ ತೆಗೆಯಬಾರದು. ಯಾವ ಕ್ರಮದಲ್ಲಿಯಾದರೂ ಕೊನೆಯ ಹತ್ತು ನಿಮಿಷ ಮುಚ್ಚಿದಂತೆಯೇ ಬಿಡುವುದು ಅವಶ್ಯ. ಆ ಹೊತ್ತಿನಲ್ಲಿಯೇ ಉಳಿದ ಹಬೆಯು ಕಾಳಿನ ನಡುವಿಗೆ ತಲಪುತ್ತದೆ. ಒಂದು ಅಗುಳನ್ನು ಬೆರಳುಗಳ ನಡುವೆ ಹಿಸುಕಿದರೆ ಒಳಗೆ ಬಿಳಿಯ ಚುಕ್ಕೆ ಕಾಣಬಾರದು. ಇದೇ ಹದದ ಪರೀಕ್ಷೆ. ಅನ್ನವನ್ನು ಬೇಗ ಬೇಯಿಸುವ ಆಸೆಯಿಂದ ಸೋಡಾ ಹಾಕುವುದು ಸರಿಯಲ್ಲ, ಕ್ಷಾರವು ಥಯಾಮಿನನ್ನು ನಾಶಮಾಡುತ್ತದೆ.

ಕುಚ್ಚಲಕ್ಕಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿಯುವುದು ಕರಾವಳಿಯ ರೂಢಿ. ಬಸಿದ ನೀರಿನೊಡನೆ ಜೀವಸತ್ವದ ಒಂದು ಭಾಗವು ಹೊರಟುಹೋಗುತ್ತದೆ. ಆದರೆ ಆ ಗಂಜಿತಿಳಿಯನ್ನು ಉಪ್ಪು ಹಾಕಿ ಕುಡಿಯುವುದೂ, ಅನ್ನವನ್ನು ತಿಳಿಯ ಸಮೇತ ಗಂಜಿಯಾಗಿ ಉಣ್ಣುವುದೂ ಅಲ್ಲಿಯ ರೂಢಿಯೇ ಆಗಿರುವುದರಿಂದ, ಒಂದು ಕೈಯಿಂದ ಹೋದುದು ಇನ್ನೊಂದು ಕೈಗೆ ಬರುತ್ತದೆ. ಬಸಿಯುವುದನ್ನು ಉಳಿಸಿಕೊಂಡು ತಿಳಿಯನ್ನು ಮೋರಿಗೆ ಚೆಲ್ಲುವ ಮನೆಯು ನಷ್ಟವನ್ನು ಮಾತ್ರ ಉಳಿಸಿಕೊಂಡಂತಾಯಿತು. ಆರ್ಸೆನಿಕ್ಕಿನ ಭಯವಿರುವ ಪ್ರದೇಶಗಳಲ್ಲಿ ಮಾತ್ರ ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲುವುದೇ ಮೇಲು.

ಕಂದು ಅಕ್ಕಿಯನ್ನು ಒಮ್ಮೆಲೆ ಮೂಟೆಗಟ್ಟಲೆ ಕೊಳ್ಳಬಾರದು. ಒಂದೆರಡು ತಿಂಗಳಿಗೆ ಸಾಲುವಷ್ಟನ್ನು ಕೊಂಡು, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಜಾಗದಲ್ಲಿ ಇಡಬೇಕು. ಹೊಟ್ಟೆಗೆ ಹೊಸದಾದುದರಿಂದ ಮೊದಲ ಕೆಲವು ವಾರಗಳಲ್ಲಿ ವಾರಕ್ಕೆ ಎರಡು ಮೂರು ಊಟಗಳಿಂದ ಆರಂಭಿಸಿ, ಕ್ರಮವಾಗಿ ಹೆಚ್ಚಿಸುವುದು ವಿವೇಕ. ಚೆನ್ನಾಗಿ ಅಗಿದು ಉಣ್ಣಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಉಪಸಂಹಾರ

2021ರ ಆಗಸ್ಟ್ 15ರಂದು ಭಾರತದ ಪ್ರಧಾನಮಂತ್ರಿಗಳು ಸರ್ಕಾರದ ಯೋಜನೆಗಳ ಮೂಲಕ ಬಡವರಿಗೆ ಕೊಡುವ ಅಕ್ಕಿಗೆ ಪೋಷಕಾಂಶಗಳನ್ನು ಸೇರಿಸಿ ಹಂಚುವ ಉದ್ದೇಶವನ್ನು ಪ್ರಕಟಿಸಿದರು. ಕಬ್ಬಿಣ, ಫೋಲಿಕ್ ಆಮ್ಲ, ಬಿ 12 ಎಂಬ ಜೀವಸತ್ವ ಇವು ಆ ಅಕ್ಕಿಗೆ ಸೇರತಕ್ಕವು. ಅದರ ಗುಣಾವಗುಣಗಳನ್ನು ವಿಮರ್ಶಿಸುವುದು ನಮ್ಮ ಶಾಸ್ತ್ರದ ಕೆಲಸವಲ್ಲ. ಆದರೆ ಗಿರಣಿಯಲ್ಲಿ ಉಜ್ಜಿ ಬೋಳುಮಾಡಿದ ಕಾಳಿಗೆ ಇನ್ನೊಂದು ಯಂತ್ರದಿಂದ ಪೋಷಕಾಂಶಗಳನ್ನು ಕೂಡಿಸುವ ಕಾಲವು ಬಂದಿದೆಯೆಂಬುದನ್ನು ಚರಿತ್ರೆಯ ವಿದ್ಯಾರ್ಥಿಯು ಗಮನಿಸದೆ ಇರಲಾರನು.

ಮತ್ತೆ ಒನಕೆಗೆ ಹಿಂದಿರುಗಬೇಕೆಂದು ನಾವು ಹೇಳುತ್ತಿಲ್ಲ. ಉಮಿಯನ್ನು ಮಾತ್ರ ಬಿಡಿಸುವ ಯಂತ್ರಗಳು ಇಂದು ಇವೆ, ಹೆಂಗಸರ ತೋಳುಗಳನ್ನು ಮತ್ತೆ ದಂಡಿಸಬೇಕಾಗಿಲ್ಲ. ನಾವು ಹೇಳುವುದಿಷ್ಟೆ: ಒಂದು ಧಾನ್ಯದ ಗುಣವು ಗದ್ದೆಯಲ್ಲಿ ಮಾತ್ರ ನಿರ್ಣಯವಾಗುವುದಿಲ್ಲ, ಗಿರಣಿಯಲ್ಲಿಯೂ ನೆನೆಸುವ ಪಾತ್ರೆಯಲ್ಲಿಯೂ ಒಲೆಯ ಮೇಲೆಯೂ ನಿರ್ಣಯವಾಗುತ್ತದೆ. ಬಟೇವಿಯದಲ್ಲಿ ಸತ್ಯದ ಸುಳಿವು ಅಡಿಗೆಯವನ ಕೈಯಲ್ಲಿದ್ದಿತು. ನಮ್ಮ ವಿದ್ಯಾರ್ಥಿನಿಲಯದಲ್ಲಿ ಪಾತ್ರೆ ತೊಳೆಯುವವರ ಬಾಯಲ್ಲಿದ್ದಿತು. ಅನಂತರದ ವರ್ಷ ಆ ನಿಲಯದಲ್ಲಿ ವಾರಕ್ಕೆ ಎರಡು ದಿನ, ಹಿಂದಿನ ರಾತ್ರಿಯೇ ನೆನೆಸಿಟ್ಟ ಕಂದು ಅಕ್ಕಿಯ ಅನ್ನವನ್ನು ಬಡಿಸಿದರು. ಎಷ್ಟು ಹೊತ್ತು ನೆನೆಯಬೇಕು, ಎಷ್ಟು ನೀರು ಬೇಕು ಎಂಬುದನ್ನು ಹೇಳಿಕೊಟ್ಟವರು ಆ ಹೆಂಗಸೇ. ತಟ್ಟೆಗಳಲ್ಲಿ ಅನ್ನವು ಉಳಿಯಲಿಲ್ಲ.